ಶೇಕಡಾ 3.8ರ ಒಳಗೆ

ಶಾಸನವೊಂದನ್ನು ಗ್ರಂಥದಂತೆ ಎದುರಿಗಿಟ್ಟುಕೊಂಡು ಅದರ ಗುಣದೋಷಗಳನ್ನು ವಿಚಾರಿಸುವುದುಂಟೇ ಎಂದು ಶಂಕಿಸುವವರು, ಅಮೆರಿಕದ ವಿಸ್ಕಾನ್ಸಿನ್ ರಾಜ್ಯದವರು 1993ರಲ್ಲಿ ತಮ್ಮ ಉಪಾಧ್ಯಾಯರ ಸಲುವಾಗಿ ರಚಿಸಿ 2009ರಲ್ಲಿ ತಾವೇ ರದ್ದುಮಾಡಿದ ‘ಕ್ವಾಲಿಫೈಡ್ ಎಕನಾಮಿಕ್ ಆಫರ್’ ಎಂಬ ಏರ್ಪಾಡನ್ನು ಒಮ್ಮೆ ನೋಡಬೇಕು. ಅದರ ಸಮಸ್ತ ಸಾರವೂ ಒಂದು ಸಂಖ್ಯೆಯಲ್ಲಿ ಅಡಗಿತ್ತು. ಆ ಸಂಖ್ಯೆ 3.8.

ಅಲ್ಲಿ ಮೇಷ್ಟರಿಗೆ ಯಜಮಾನನೆಂದರೆ, ನಮ್ಮಲ್ಲಿರುವಂತೆ ದೂರದ ರಾಜಧಾನಿಯ ಸರ್ಕಾರವಲ್ಲ. ಊರವರೇ ಚುನಾಯಿಸಿ ಕೂರಿಸಿದ, ಆಸ್ತಿತೆರಿಗೆ ವಿಧಿಸುವ ಅಧಿಕಾರವುಳ್ಳ ಶಾಲಾ ಡಿಸ್ಟ್ರಿಕ್ಟಿನ ಮಂಡಳಿ. ಮೇಜಿನ ಒಂದು ಬದಿಗೆ ಮಂಡಳಿ, ಇನ್ನೊಂದು ಬದಿಗೆ ಉಪಾಧ್ಯಾಯರ ಸಂಘ ಕುಳಿತು ಕರಾರಿಗೆ ಬರುವುದು ಆಗಿನ ಪದ್ಧತಿ. 1974ರಲ್ಲಿ ಹಾರ್ಟನ್‌ವಿಲ್ ಎಂಬ ಸಣ್ಣ ಊರಿನ ಮಂಡಳಿಯು ಮುಷ್ಕರ ಹೂಡಿದ ಮೇಷ್ಟರುಗಳನ್ನು ಸಾರಾಸಗಟಾಗಿ ಕೆಲಸದಿಂದ ತೆಗೆದುಹಾಕಿತು; ಆ ಗಾಯ ಮಾಯುವ ಮುನ್ನವೇ, ಆ ದಶಕದ ಕೊನೆಯ ಹೊತ್ತಿಗೆ, ಉಭಯ ಪಕ್ಷದವರೂ ತಮ್ಮ ತಮ್ಮ ಕಡೆಯ ಮಾತನ್ನು ಮಧ್ಯಸ್ಥನ ಮುಂದಿಡಬೇಕು, ಆತನು ಎರಡರಲ್ಲೊಂದನ್ನು ಇಡಿಯಾಗಿ ಎತ್ತಿಹಿಡಿಯಬೇಕು ಎಂಬ ನಿಯಮ ಬಂತು. ಮಧ್ಯಸ್ಥರ ಕೈ ಧಾರಾಳವಾಯಿತೆಂದು ತೆರಿಗೆದಾರರು ಗೊಣಗಿಕೊಂಡರು. ಗವರ್ನರ್ ಟಾಮಿ ಥಾಂಪ್ಸನ್ನರ ಕಾಲದ ಹೊಸ ಶಾಸನವು ಆ ಗೊಣಗಾಟಕ್ಕೆ ಕೊಟ್ಟ ಉತ್ತರ: ಸಂಬಳಕ್ಕೆ ಶೇಕಡಾ 2.1, ಆರೋಗ್ಯ ವಿಮೆ ಮೊದಲಾದ ಸವಲತ್ತುಗಳಿಗೆ ಶೇಕಡಾ 1.7, ಒಟ್ಟು 3.8ರಷ್ಟನ್ನು ಹೆಚ್ಚಿಸಿ, ಇದ್ದ ಸವಲತ್ತುಗಳನ್ನು ಇದ್ದಂತೆಯೇ ಉಳಿಸಿಕೊಡುವುದಾಗಿ ಮಂಡಳಿ ಹೇಳಿದ್ದಾದರೆ, ಹಣಕಾಸಿನ ವಿಷಯದಲ್ಲಿ ಅದನ್ನು ಮಧ್ಯಸ್ಥನ ಬಳಿಗೆ ಎಳೆಯುವಂತಿಲ್ಲ.

ಮೇಲ್ನೋಟಕ್ಕೆ ಇದರಲ್ಲಿ ಅನ್ಯಾಯವೇನೂ ಕಾಣದು. ಕಾಗದ ಪೆನ್ಸಿಲು ಹಿಡಿದು ಕೂತಾಗಲೇ ಇದರ ಒಳಗುಟ್ಟು ತಿಳಿಯುವುದು. ಒಬ್ಬ ಉಪಾಧ್ಯಾಯನ ಮೇಲೆ ಮಂಡಳಿಗೆ ತಗಲುವ ಖರ್ಚು ನೂರು ಎಂದಿಟ್ಟುಕೊಂಡು, ಅದರಲ್ಲಿ ಇಪ್ಪತ್ತು ವಿಮೆಯ ಪ್ರೀಮಿಯಂಗೆ ಹೋಗುತ್ತದೆನ್ನೋಣ. ಸವಲತ್ತುಗಳ ಖರ್ಚು 1.7ನ್ನು ಮೀರಿದರೆ ಮೀರಿದ್ದನ್ನು ಸಂಬಳದ ಪಾಲಿನಿಂದಲೇ ಕಳೆಯಬಹುದಾಗಿದ್ದುದರಿಂದ, ಪ್ರೀಮಿಯಂ ಶೇಕಡಾ 12ರಷ್ಟು ಏರಿದರೆ ವಿಮೆಯೇ 2.4ನ್ನು ನುಂಗಿ, ಸಂಬಳದ ಪಾಲಿಗೆ 1.4 ಉಳಿಯುತ್ತದೆ, ಶೇಕಡಾ 19ರಷ್ಟು ಏರಿದರೆ 3.8ಕ್ಕೆ 3.8 ಸಮವಾಗಿ, ಸಂಬಳದ ಪಾಲಿಗೆ ಸೊನ್ನೆ. ವಿಮೆಯನ್ನು ತಗ್ಗಿಸಲು ಶಾಸನವೇ ಬಿಡದು, ಆದುದರಿಂದ ಮಣಿಯಬೇಕಾದದ್ದು ಸಂಬಳ. ಕುಟುಂಬಕ್ಕೆಲ್ಲ ವಿಮೆ ಪಡೆದ ಹಿರಿಯನ ಪ್ರೀಮಿಯಂ ಏರಿದಾಗ, ಒಂಟಿಯಾಗಿ ಬಾಡಿಗೆ ಕೋಣೆಯಲ್ಲಿರುವ, ವೈದ್ಯನ ಮುಖವನ್ನೇ ಕಂಡಿರದ ಹೊಸ ಮೇಷ್ಟರ ಸಂಬಳದ ಏರಿಕೆ ಕರಗುತ್ತಿತ್ತು. ಮಂಡಳಿಗೂ ಸಂಘಕ್ಕೂ ನಡೆಯಬೇಕಾಗಿದ್ದ ವಾದವು ಸ್ಟಾಫ್ ರೂಮಿನೊಳಕ್ಕೆ ಬಂದು ಕುಳಿತಿತು.

ಇನ್ನೂ ವಿನೋದದ ಸಂಗತಿಯೊಂದಿದೆ. ಲೆಕ್ಕ ಹಾಕುವಾಗ ಕಳೆದ ವರ್ಷದ ಉಪಾಧ್ಯಾಯರೇ ಈ ವರ್ಷವೂ ಇದ್ದಾರೆಂದು ಭಾವಿಸುವ ಕ್ರಮವಿತ್ತು. ಅನುಭವಕ್ಕೊಂದು ಮೆಟ್ಟಿಲು, ಪದವಿಗೊಂದು ಸಾಲು ಎಂದು ಗೆರೆ ಹಾಕಿದ ಸಂಬಳದ ಪಟ್ಟಿಯಲ್ಲಿ, ಜೂನ್ ತಿಂಗಳಲ್ಲಿ ನಿವೃತ್ತರಾಗಿ ಮೀನು ಹಿಡಿಯಲು ಹೋದ ಹಿರಿಯ ಮೇಷ್ಟರೂ ಕಾಗದದ ಮೇಲೆ ಶಾಲೆಗೆ ಬರುತ್ತಾರೆ, ಒಂದು ಮೆಟ್ಟಿಲು ಏರುತ್ತಾರೆ, ಅವರ ಕುಟುಂಬದ ಪ್ರೀಮಿಯಂ ಕೂಡ ಏರುತ್ತದೆ. ಅವರ ಸ್ಥಾನಕ್ಕೆ ಬಂದ ಅಗ್ಗದ ಸಂಬಳದ ತರುಣನಿಂದ ಉಳಿದ ಹಣ ಮಾತ್ರ ಈ ಲೆಕ್ಕದ ಹೊರಗೆ. ಪ್ರೇತಕ್ಕೆ ಪಿಂಡವಿಡುವುದನ್ನು ನಾವು ಬಲ್ಲೆವು. ಪ್ರೇತಕ್ಕೆ ಇನ್‌ಕ್ರಿಮೆಂಟು ಕೊಡುವ ವಿಧಿಯನ್ನು ನಾನು ಬೇರೆಲ್ಲಿಯೂ ಕಂಡಿಲ್ಲ.

ಕೂಲಿಗೂ ಕಾಯಿಲೆಗೂ ಇಂಥ ಗಂಟು ಬಿದ್ದುದು ಎರಡನೆಯ ಮಹಾಯುದ್ಧದ ಕಾಲದಲ್ಲಿ. ಅಮೆರಿಕದ ಕೇಂದ್ರ ಸರ್ಕಾರದ 1942ರ ಶಾಸನವು ಕೂಲಿಯನ್ನು ಕಟ್ಟಿಹಾಕಿ ವಿಮೆಯನ್ನು ಹೊರಗೆ ಬಿಟ್ಟಿತು. 1954ರ ತೆರಿಗೆ ಶಾಸನವು ಧಣಿಗಳು ಕಟ್ಟುವ ಪ್ರೀಮಿಯಂ ನೌಕರನ ಆದಾಯವಲ್ಲವೆಂದು ಖಚಿತಪಡಿಸಿತು. ಜೇಬಿಗೆ ಬೀಳುವ ಡಾಲರಿಗೆ ತೆರಿಗೆ, ವಿಮೆಗೆ ಹೋಗುವ ಡಾಲರಿಗೆ ಇಲ್ಲ ಎಂದಾದ ಮೇಲೆ, ಉಭಯ ಪಕ್ಷದವರೂ ವಿಮೆಯ ಕಡೆಗೇ ಒಲಿದದ್ದು ಸಹಜ.

ದೋಷವನ್ನೆಲ್ಲ ಶಾಸನದ ತಲೆಗೆ ಕಟ್ಟುವುದು ಮಾತ್ರ ವಿಮರ್ಶೆಯಾಗದು. ರಾಜ್ಯದ ಉಪಾಧ್ಯಾಯರ ಮಹಾಸಂಘವು 1970ರಲ್ಲಿ ‘ಡಬ್ಲ್ಯು.ಇ.ಎ. ಟ್ರಸ್ಟ್’ ಎಂಬ ವಿಮಾ ಸಂಸ್ಥೆಯನ್ನು ತಾನೇ ಹುಟ್ಟುಹಾಕಿತ್ತು. ಅನೇಕ ಡಿಸ್ಟ್ರಿಕ್ಟುಗಳ ವಿಮೆ ಅದರ ಕೈಯಲ್ಲಿತ್ತು. ಅದು ಕೊಟ್ಟ ವಿಮೆ ಉತ್ತಮವಾದುದೇ ಇರಬಹುದು. ಆದರೆ ಕೊಳ್ಳುವವರ ಪರವಾಗಿ ಚೌಕಾಶಿ ಮಾಡಬೇಕಾದವರೇ ಮಾರುವವರಿಗೂ ಬಂಧುಗಳಾದಾಗ, ದರ ಏಕೆ ಏರಿತೆಂಬ ಪ್ರಶ್ನೆಯನ್ನು ಅವರ ಬಾಯಿಂದ ನಿರೀಕ್ಷಿಸುವುದು ಕಷ್ಟ. ಆಸ್ಪತ್ರೆಯ ಬೆಲೆಗಳ ಮೇಲೆ ಮಂಡಳಿಗೂ ಹಿಡಿತವಿರಲಿಲ್ಲ. ಹದಿನಾರು ವರ್ಷ ಹಂಚಿಕೆಯ ಮಾತು ನಡೆಯಿತು. ಏರುತ್ತಿದ್ದ ವಸ್ತುವಿನ ಮಾತು ಆ ಮೇಜಿಗೆ ಬರಲೇ ಇಲ್ಲ. ಸಂಬಳ ಕಡಿಮೆಯಾದುದನ್ನು ಮೇಷ್ಟರು ಬಲ್ಲರು. ಸ್ವಂತ ಹಣದಲ್ಲಿ ವಿಮೆ ಕೊಳ್ಳಬೇಕಾದ ಪಕ್ಕದ ಹೈನುಗಾರನ ಕಣ್ಣಿಗೆ ಬಿದ್ದುದು ವಿಮೆಯೊಂದೇ.

ಹೈನುಗಾರನ ಮನಸ್ಸಿನಲ್ಲಿ ಹುಟ್ಟಿದ ಈ ಅಸೂಯೆಯ ಬೆಲೆ ಗೊತ್ತಾದುದು 2011ರಲ್ಲಿ. ಗವರ್ನರ್ ಸ್ಕಾಟ್ ವಾಕರ್ ತಂದ ‘ಆಕ್ಟ್ 10’ ಪೊಲೀಸರನ್ನೂ ಅಗ್ನಿಶಾಮಕರನ್ನೂ ಬಿಟ್ಟು ಉಳಿದ ಸಾರ್ವಜನಿಕ ನೌಕರರಿಗೆ ಮೂಲವೇತನವೊಂದರ ಹೊರತು ಬೇರಾವ ವಿಷಯದಲ್ಲಿಯೂ ಕರಾರಿನ ಹಕ್ಕಿಲ್ಲವೆಂದಿತು; ಆ ಮೂಲವೇತನದ ಏರಿಕೆಯೂ ಮತದಾರರ ಅನುಮತಿಯಿಲ್ಲದೆ ಬೆಲೆಯ ಸೂಚ್ಯಂಕದ ಏರಿಕೆಯನ್ನು ದಾಟಕೂಡದು. ಕೋರಂ ಮುರಿಯಲೆಂದು 14 ಮಂದಿ ಸೆನೆಟರುಗಳು ಪಕ್ಕದ ಇಲಿನಾಯ್‌ಗೆ ಹೊರಟುಹೋದರು. ರಾಜಧಾನಿ ಮ್ಯಾಡಿಸನ್ನಿನ ಶಾಸನಭವನದ ಕಲ್ಲುನೆಲದ ಮೇಲೆ ಮೇಷ್ಟರುಗಳು ರಾತ್ರಿಗಳನ್ನು ಕಳೆದರು. ಮಾರ್ಚ್ 11ರಂದು ಸಹಿ ಬಿದ್ದಿತು. ಡಬ್ಲ್ಯು.ಇ.ಎ. ಟ್ರಸ್ಟ್ 2022ರ ಅಂತ್ಯಕ್ಕೆ ಆರೋಗ್ಯ ವಿಮೆಯ ವ್ಯವಹಾರದಿಂದಲೇ ಹಿಂದೆಗೆಯಿತು.

ಹಿಂದೆ ಕರಾರಿನ ದಪ್ಪ ಪುಸ್ತಕವಿದ್ದಲ್ಲಿ ಡಿಸ್ಟ್ರಿಕ್ಟುಗಳು ಈಗ ‘ಹ್ಯಾಂಡ್‌ಬುಕ್’ ಎಂಬುದನ್ನು ಕೊಡುತ್ತವೆ. ಯಾವ ವಿಮೆ, ವಿಮೆ ಕೈಗೂಡುವ ಮುನ್ನ ಉಪಾಧ್ಯಾಯನು ಸ್ವತಃ ತೆರಬೇಕಾದ ‘ಡಿಡಕ್ಟಿಬಲ್’ ಎಷ್ಟು, ಪ್ರೀಮಿಯಂನಲ್ಲಿ ಉಪಾಧ್ಯಾಯನ ಪಾಲೆಷ್ಟು ಎಂಬುದನ್ನು ಗೊತ್ತುಮಾಡುವುದು ಮಂಡಳಿಯೊಂದೇ. ಇದು ಕರಾರಲ್ಲ, ಮಂಡಳಿಯು ಇದನ್ನು ಯಾವಾಗ ಬೇಕಾದರೂ ಬದಲಾಯಿಸಬಹುದು ಎಂಬ ಅರ್ಥದ ಮಾತು ಇಂಥ ಪುಸ್ತಕಗಳ ಮೊದಲ ಪುಟಗಳಲ್ಲಿಯೇ ಸಾಮಾನ್ಯವಾಗಿ ಇರುತ್ತದೆ. ಅದನ್ನು ಓದಿಕೊಂಡೆನೆಂದು ಉಪಾಧ್ಯಾಯನು ಸಹಿ ಹಾಕಿ ಒಪ್ಪಿಸಬೇಕು.