ಗೆರೆಯ ಕಾಡಿಗೆ ಮೈ ಬಂದಾಗ: ರಸಿಕರಿಗೊಂದು ಕೈಪಿಡಿ

ಚಿಕ್ಕಂದಿನಲ್ಲಿ ಮೆಚ್ಚಿದ ಕಾರ್ಟೂನು ಈಗ ನಿಜವಾದ ನಟರೊಂದಿಗೆ ತೆರೆಗೆ ಬರುತ್ತಿದೆ ಎಂಬ ಸುದ್ದಿ ಕಿವಿಗೆ ಬಿದ್ದರೆ ಸಾಕು, ಅಭಿಮಾನಿಗೆ ಪುಳಕವೂ ಅಳುಕೂ ಒಟ್ಟಿಗೇ ಹುಟ್ಟುತ್ತವೆ. ಟ್ರೇಲರ್ ಬಂದ ಗಳಿಗೆಯಿಂದ ವಾದ ಶುರು. ಬಣ್ಣ ಅದೇ ಇದೆಯೇ, ಹಾಡು ಉಳಿಸಿಕೊಂಡಿದ್ದಾರೆಯೇ, ಆ ಪಾತ್ರಕ್ಕೆ ಈ ಮುಖ ಹೊಂದುತ್ತದೆಯೇ? 2025ರ ಒಂದೇ ವರ್ಷದಲ್ಲಿ ‘ಸ್ನೋ ವೈಟ್’, ‘ಲೀಲೊ ಆ್ಯಂಡ್ ಸ್ಟಿಚ್’, ‘ಹೌ ಟು ಟ್ರೈನ್ ಯುವರ್ ಡ್ರ್ಯಾಗನ್’ ಮೂರೂ ಹೀಗೆ ಮರುಹುಟ್ಟು ಪಡೆದವು. ಇಂಥ ಲೈವ್ ಆ್ಯಕ್ಷನ್ ಚಿತ್ರಗಳನ್ನು ಹೇಗೆ ನೋಡಬೇಕು ಎಂದು ಹೊಸಬರು ಕೇಳಿದರೆ ನಾನು ಮೊದಲು ಹೇಳುವುದು ಒಂದೇ ಹೆಸರು: ಜಾನ್ ಫಾವ್ರೊ ನಿರ್ದೇಶನದ 2016ರ ‘ದಿ ಜಂಗಲ್ ಬುಕ್’. ಅದನ್ನು ಗಮನವಿಟ್ಟು ನೋಡಲು ಕಲಿತರೆ ಉಳಿದವನ್ನು ತೂಗಿ ನೋಡುವ ಕಣ್ಣು ತಾನಾಗಿ ಬರುತ್ತದೆ.

ಆದರೆ ಅದಕ್ಕೆ ಮೊದಲು ಹಳೆಯದನ್ನು ನೋಡಿಕೊಳ್ಳಿ. ಡಿಸ್ನಿಯ ಕಾರ್ಟೂನ್ ‘ಜಂಗಲ್ ಬುಕ್’ ಬಿಡುಗಡೆಯಾದದ್ದು 1967ರ ಅಕ್ಟೋಬರ್‌ನಲ್ಲಿ. ವಾಲ್ಟ್ ಡಿಸ್ನಿ ಖುದ್ದಾಗಿ ಮುಂದೆ ನಿಂತು ರೂಪಿಸಿದ ಕೊನೆಯ ಕಾರ್ಟೂನ್ ಚಿತ್ರ ಅದು. ತೆರೆಗೆ ಬರುವ ಹೊತ್ತಿಗೆ ಅವರು ತೀರಿಕೊಂಡು ಹತ್ತು ತಿಂಗಳಾಗಿತ್ತು. ಮೂಲ ಲೇಖಕ ಕಿಪ್ಲಿಂಗ್‌ನ ಕಥೆಗಳಲ್ಲಿರುವ ಕತ್ತಲು ಅವರಿಗೆ ಬೇಕಿರಲಿಲ್ಲ. ಪುಸ್ತಕವನ್ನು ಓದಲು ಹೋಗಬೇಡಿ ಎಂದೇ ತಮ್ಮ ಕಥೆಗಾರರಿಗೆ ಹೇಳಿದ್ದರಂತೆ. ಹಾಗಾಗಿ ಆ ಚಿತ್ರದ ತುಂಬ ನಗು, ಕುಣಿತ, ಜಾಜ್ ಸಂಗೀತ. ಒಂದು ಸಂಜೆಗೆ ಮುಗಿಯುವ ಚಿತ್ರ. ಹಾಡುಗಳು ಕಿವಿಯಲ್ಲಿ ಕೂರುವಷ್ಟು ಸಲ ನೋಡಿ.

ಆಮೇಲೆ ಕಿಪ್ಲಿಂಗ್‌ನ ಎರಡು ಸಂಪುಟಗಳಿಂದ, ಅಂದರೆ 1894 ಮತ್ತು 1895ರಲ್ಲಿ ಬಂದವುಗಳಿಂದ, ತೋಳಗಳ ನಡುವೆ ಬೆಳೆದ ಹುಡುಗ ಮೌಗ್ಲಿಯ ನಾಲ್ಕಾರು ಕಥೆಗಳನ್ನಾದರೂ ಓದಿ. ಅಲ್ಲಿಯ ಕಾಡು ಕಠಿಣ. ಅದಕ್ಕೆ ಕಾನೂನಿದೆ, ಹಸಿವಿದೆ, ಬರಗಾಲವಿದೆ. ನಮ್ಮಲ್ಲಿ ಅನೇಕರಿಗೆ ಮೂರನೆಯ ಮೌಗ್ಲಿಯೂ ಉಂಟು. ಜಪಾನಿನ ನಿಪ್ಪಾನ್ ಆ್ಯನಿಮೇಷನ್ 1989ರಲ್ಲಿ ಆರಂಭಿಸಿದ 52 ಕಂತುಗಳ ಸರಣಿ ಹಿಂದಿ ದನಿ ತೊಟ್ಟು ದೂರದರ್ಶನದಲ್ಲಿ ಭಾನುವಾರ ಬೆಳಿಗ್ಗೆ ಬರುತ್ತಿತ್ತಲ್ಲ, ಗುಲ್ಜಾರ್ ಬರೆದ ಶೀರ್ಷಿಕೆ ಗೀತೆಯ ಸಮೇತ, ಅದು. ಹಿಂದಿ ಬಾರದ ಹಳ್ಳಿಮನೆಗಳಲ್ಲೂ ಆ ಹಾಡಿಗೆ ಮಕ್ಕಳು ಅಂಗಳ ಬಿಟ್ಟು ಒಳಗೆ ಓಡಿಬರುತ್ತಿದ್ದ ಕಾಲ. ಈ ಮೂರನ್ನೂ ಮನಸ್ಸಿನಲ್ಲಿ ಇಟ್ಟುಕೊಂಡು ಕೂತರೆ ಹೊಸ ಚಿತ್ರದ ರುಚಿಯೇ ಬೇರೆ.

ಈಗ ನೋಡುವ ಕ್ರಮಕ್ಕೆ ಬರೋಣ. ಯಕ್ಷಗಾನದ ಒಂದೇ ಪ್ರಸಂಗ ಬಯಲಾಟದಲ್ಲೂ ಆಗುತ್ತದೆ, ತಾಳಮದ್ದಳೆಯಲ್ಲೂ ಆಗುತ್ತದೆ. ತಾಳಮದ್ದಳೆಗೆ ಹೋದ ರಸಿಕ ಕಿರೀಟ ಎಲ್ಲಿ, ಗೆಜ್ಜೆ ಎಲ್ಲಿ ಎಂದು ಹುಡುಕುವುದಿಲ್ಲ. ವೇಷ ಮಾಡುತ್ತಿದ್ದ ಕೆಲಸವನ್ನು ಇಲ್ಲಿ ಅರ್ಥಗಾರಿಕೆ ಹೇಗೆ ಮಾಡುತ್ತದೆ ಎಂದು ಕಿವಿಗೊಡುತ್ತಾನೆ. ಕಾರ್ಟೂನಿನಿಂದ ಬಂದ ಚಿತ್ರಕ್ಕೂ ಇದೇ ದೃಷ್ಟಿ ಬೇಕು. ಎಷ್ಟು ಉಳಿಸಿದ್ದಾರೆ ಎಂದು ಲೆಕ್ಕ ಹಾಕುತ್ತ ಕೂರಬೇಡಿ. ಗೆರೆ ಮಾಡುತ್ತಿದ್ದ ಕೆಲಸವನ್ನು ಈಗ ಯಾವುದು ಮಾಡುತ್ತಿದೆ ಎಂದು ಕೇಳಿಕೊಳ್ಳಿ. ತೂಕ ಮಾಡುತ್ತಿದೆಯೇ, ಬೆಳಕೇ, ಮೌನವೇ? ಉತ್ತರ ಸಿಕ್ಕ ಕಡೆ ಚಿತ್ರ ಗೆದ್ದಿದೆ. ಸಿಗದ ಕಡೆ ಅದು ಬರೀ ನಕಲು.

ಆನೆಗಳನ್ನೇ ತೆಗೆದುಕೊಳ್ಳಿ. 1967ರ ಚಿತ್ರದಲ್ಲಿ ಹಾಥಿ ಒಬ್ಬ ಕರ್ನಲ್. ಬ್ರಿಟಿಷ್ ಸೇನೆಯ ನಿವೃತ್ತ ಅಧಿಕಾರಿಯ ಗತ್ತು, ಹಳೆಯ ಕಾಳಗಗಳ ಬಡಾಯಿ, ಹಿಂದೆ ಸಾಲಾಗಿ ಕವಾಯತು ಮಾಡುವ ಹಿಂಡು. ಪುಟ್ಟ ಮೌಗ್ಲಿ ಆ ಸಾಲಿಗೆ ಸೇರಿ ನಾಲ್ಕು ಕಾಲಲ್ಲಿ ನಡೆಯುತ್ತಾನೆ. ಗೆರೆಗೆ ಇದು ಸಲೀಸು. ನಾಲ್ಕು ಎಳೆತದಲ್ಲಿ ಆನೆಯ ಮುಖಕ್ಕೆ ಮೀಸೆಯ ಮುದುಕನ ಠೀವಿ ಬಂದುಬಿಡುತ್ತದೆ. ಆದರೆ ಚರ್ಮದ ಸುಕ್ಕು ಸುಕ್ಕೂ ಕಾಣುವ ಆನೆಯ ಬಾಯಲ್ಲಿ ಅದೇ ಮಾತು ಹಾಕಿಸಿದ್ದರೆ ಕುಣಿತವೂ ಕೆಡುತ್ತಿತ್ತು, ಆನೆಯೂ ಕೆಡುತ್ತಿತ್ತು.

ಫಾವ್ರೊ ಏನು ಮಾಡಿದರು ನೋಡಿ. ಅವರ ಚಿತ್ರದಲ್ಲಿ ಆನೆಗಳು ಮಾತೇ ಆಡುವುದಿಲ್ಲ. ಹಿಂಡು ಹಾದು ಹೋಗುವಾಗ ಕರಿಚಿರತೆ ಬಘೀರ ಹುಡುಗನಿಗೆ ತಲೆ ಬಾಗಿಸಲು ಹೇಳುತ್ತದೆ. ಈ ಕಾಡನ್ನು ಮಾಡಿದವರೇ ಇವರು, ಇವರ ದಂತ ಉತ್ತ ಕಡೆಯಲ್ಲಿ ನದಿ ಹರಿಯಿತು ಎನ್ನುತ್ತದೆ. ಈ ಸೃಷ್ಟಿಕಥೆ ಕಿಪ್ಲಿಂಗ್‌ನ ಎರಡನೇ ಸಂಪುಟದ್ದು. ಕಾರ್ಟೂನು ಅದನ್ನು ಮುಟ್ಟಿರಲಿಲ್ಲ. ಮುಂದೆ ಗುಂಡಿಗೆ ಬಿದ್ದ ಮರಿಯಾನೆಯನ್ನು ಮೌಗ್ಲಿ ಹಗ್ಗ ಹೆಣೆದು ಮೇಲೆತ್ತುತ್ತಾನೆ. ಕೊನೆಯಲ್ಲಿ ಕಾಡಿಗೆ ಬೆಂಕಿ ಬಿದ್ದಾಗ ಅದೇ ಆನೆಗಳು ನದಿಯ ದಿಕ್ಕನ್ನೇ ತಿರುಗಿಸುತ್ತವೆ. ನಗಿಸುತ್ತಿದ್ದ ಪಾತ್ರವೊಂದು ಇಡೀ ಕಥೆಯ ಬೆನ್ನೆಲುಬಾಗಿ ಬದಲಾದದ್ದು ಹೀಗೆ. ಕವಾಯತು ಹೋಯಿತಲ್ಲ ಎಂದು ಕೊರಗುವ ಅಭಿಮಾನಿಗಳು ಇದ್ದಾರೆ. ನನ್ನ ಮಟ್ಟಿಗೆ ಇಡೀ ಚಿತ್ರದಲ್ಲಿ ಇದಕ್ಕಿಂತ ದೊಡ್ಡ ನಿರ್ಧಾರ ಇನ್ನೊಂದಿಲ್ಲ.

ಕೋತಿಗಳ ರಾಜ ಲೂಯಿಯ ವಿಷಯ ಇನ್ನೂ ಸ್ವಾರಸ್ಯಕರ. ಕಿಪ್ಲಿಂಗ್‌ನಲ್ಲಿ ಅವನು ಇಲ್ಲವೇ ಇಲ್ಲ; ಕೋತಿಗಳಿಗೆ ರಾಜನಿಲ್ಲ ಎಂಬುದೇ ಅಲ್ಲಿಯ ಮಾತು. ಡಿಸ್ನಿಯವರು ಜಾಜ್ ಗಾಯಕ ಲೂಯಿ ಪ್ರೀಮಾನ ದನಿಗೆ ಒರಾಂಗುಟಾನ್ ಒಂದನ್ನು ಸೃಷ್ಟಿಸಿದರು. ಒರಾಂಗುಟಾನ್ ಇರುವುದು ಬೋರ್ನಿಯೊ, ಸುಮಾತ್ರಗಳಲ್ಲಿ. ಭಾರತದ ಕಾಡಿನಲ್ಲಿ ಅದಕ್ಕೆ ಜಾಗವಿಲ್ಲ. ಕಾರ್ಟೂನಿನಲ್ಲಿ ಯಾರೂ ಕೇಳಲಿಲ್ಲ, ಕೇಳಬೇಕಾಗಿಯೂ ಇರಲಿಲ್ಲ. ಎಲೆ ಎಲೆಯೂ ಭಾರತದ್ದೇ ಆಗಿರಬೇಕು ಎಂದು ಹೊರಟ ಹೊಸ ಚಿತ್ರ ಮಾತ್ರ ಉತ್ತರ ಕೊಡಲೇಬೇಕಾಯಿತು. ಲಕ್ಷಾಂತರ ವರ್ಷಗಳ ಹಿಂದೆ ಅಳಿದುಹೋದ ಜೈಗ್ಯಾಂಟೊಪಿಥೆಕಸ್ ಎಂಬ ದೈತ್ಯ ವಾನರನನ್ನು ತಂದು ಪಾಳುಗುಡಿಯ ಕತ್ತಲಲ್ಲಿ ಕೂರಿಸಿದರು. ಮೊದಲು ಕಾಣುವುದು ಒಂದು ಕೈ. ಆಮೇಲೆ ಹಣ್ಣು ಕಚ್ಚುವ ಸದ್ದು. ಮುಖ ಬೆಳಕಿಗೆ ಬರುವ ಹೊತ್ತಿಗೆ ನೋಡುವವರಿಗೆ ನಡುಕ ಬಂದಿರುತ್ತದೆ. ‘ಅಪೊಕ್ಯಾಲಿಪ್ಸ್ ನೌ’ ನೋಡಿದವರಿಗೆ ಕತ್ತಲಲ್ಲಿ ಕೂತ ಮಾರ್ಲನ್ ಬ್ರಾಂಡೊ ನೆನಪಾಗದೆ ಇರುವುದಿಲ್ಲ. ಕಾರ್ಟೂನಿನ ಲೂಯಿಯ ಹಾಡು ಉಳಿಯಿತು, ಆದರೆ ಆ ವಾನರನ ಹೆಸರು ಸೇರುವಂತೆ ಸಾಲುಗಳು ಬದಲಾದವು. ಬದಲಿಸಿದವರು ಮೂಲ ಹಾಡು ಬರೆದ ಶೆರ್ಮನ್ ಸಹೋದರರಲ್ಲಿ ಆಗ ಉಳಿದಿದ್ದ ರಿಚರ್ಡ್ ಶೆರ್ಮನ್ ಅವರೇ. ನಲವತ್ತೊಂಬತ್ತು ವರ್ಷಗಳ ನಂತರ ತಮ್ಮದೇ ಹಾಡನ್ನು ಅವರು ಮತ್ತೆ ಕೈಗೆತ್ತಿಕೊಂಡರು ಎಂಬುದೇ ನನ್ನಂಥ ಅಭಿಮಾನಿಗೆ ಸಂಭ್ರಮ.

ಹೆಬ್ಬಾವು ಕಾ ಬಂದಾಗ ಅದರ ಕಣ್ಣನ್ನೇ ನೋಡಿ. ಕಾರ್ಟೂನಿನಲ್ಲಿ ಬಣ್ಣಬಣ್ಣದ ಉಂಗುರಗಳು ಸುತ್ತುತ್ತ ಹುಡುಗನನ್ನು ಮಂಕು ಮಾಡುತ್ತಿದ್ದವು. ಇಲ್ಲಿ ಉಂಗುರಗಳ ಬದಲು ಒಂದು ಕಥೆಯಿದೆ: ಮೌಗ್ಲಿಯ ತಂದೆಯನ್ನು ಹುಲಿ ಶೇರ್ ಖಾನ್ ಕೊಂದದ್ದು, ಅವನ ಕೈಯ ಬೆಂಕಿ ಹುಲಿಯ ಕಣ್ಣನ್ನು ಸುಟ್ಟದ್ದು. ಕಥೆ ಕೇಳುತ್ತ ಹುಡುಗ ಮೈಮರೆಯುತ್ತಾನೆ, ಸುರುಳಿ ಬಿಗಿಯುತ್ತದೆ. ನಾವೂ ಅಷ್ಟೇ ಮೈಮರೆತಿರುತ್ತೇವೆ.

ಇನ್ನು ತಯಾರಿಕೆಯ ಬಗ್ಗೆ ಸ್ವಲ್ಪ ತಿಳಿದಿದ್ದರೆ ನೋಟ ಹರಿತವಾಗುತ್ತದೆ. ಈ ಕಾಡಿನ ಒಂದು ಮರವೂ ಕಾಡಿನಲ್ಲಿ ಚಿತ್ರೀಕರಣಗೊಂಡದ್ದಲ್ಲ. ಲಾಸ್ ಏಂಜಲೀಸ್ ನಗರದ ಮಧ್ಯೆ ಸ್ಟುಡಿಯೊ ಒಂದರೊಳಗೆ, ನೀಲಿ ಪರದೆಗಳ ನಡುವೆ, ನೀಲ್ ಸೇಠಿ ಎಂಬ ಬಾಲಕ ಒಬ್ಬನೇ ನಟಿಸಿದ. ಎದುರಿಗೆ ಪ್ರಾಣಿಗಳ ಬದಲು ಜಿಮ್ ಹೆನ್ಸನ್ ಕ್ರೀಚರ್ ಶಾಪ್‌ನ ಗೊಂಬೆಗಳು, ಅವನ್ನು ಆಡಿಸುವವರು. ಉಳಿದದ್ದೆಲ್ಲ ಕಂಪ್ಯೂಟರಿನಲ್ಲಿ ಬೆಳೆದದ್ದು. ಆದ್ದರಿಂದ ಹೊಸ ರಸಿಕರು ಗಮನಿಸಬೇಕಾದ್ದು ಒಂದಕ್ಕೊಂದು ತಾಗುವ ಜಾಗಗಳನ್ನು. ಹುಡುಗನ ಬೆರಳು ತಾಯಿತೋಳ ರಕ್ಷಾಳ ಕುತ್ತಿಗೆಯ ರೋಮದೊಳಗೆ ಹೂತಾಗ ರೋಮ ಹೇಗೆ ಬಾಗುತ್ತದೆ? ಕರಡಿ ಬಲ್ಲೂ ಅಂಗಾತ ತೇಲುತ್ತ, ಮೌಗ್ಲಿ ಅದರ ಹೊಟ್ಟೆಯ ಮೇಲೆ ಕೂತು ಇಬ್ಬರೂ ಹಾಡುವಾಗ ಒದ್ದೆ ತುಪ್ಪಳ ಮೈಗೆ ಎಲ್ಲಿ ಅಂಟಿದೆ, ನೀರು ಎಲ್ಲಿ ಇಳಿಯುತ್ತಿದೆ? ಹಾಡು ಕೂಡ ಇಲ್ಲಿ ಪ್ರದರ್ಶನದಂತಿಲ್ಲ. ಸ್ನಾನ ಮಾಡುತ್ತ ಗುನುಗುವವರ ಹಾಗೆ ತೊದಲುತ್ತ, ನಗುತ್ತ ಸಾಗುತ್ತದೆ. ಪ್ರಾಣಿಗಳ ಬಾಯಿ ಮಾತಿಗೆ ತಕ್ಕಷ್ಟು ಮಾತ್ರ ತೆರೆಯುತ್ತದೆ. ಭಾವವನ್ನು ಕಿವಿಯ ತಿರುವು, ಮೂಗಿನ ಉಸಿರು, ಬೆನ್ನಿನ ಬಿಗಿತ ಹೇಳುತ್ತವೆ. ಮೌಗ್ಲಿಯ ಕೆಂಪು ಲಂಗೋಟಿ ಮಾತ್ರ ಹಾಗೆಯೇ ಉಳಿದಿದೆ. ಆ ಹಸಿರಿನ ನಡುವೆ ಎಷ್ಟು ದೂರದಿಂದಲೂ ಕಣ್ಣು ಮೊದಲು ಹೋಗುವುದು ಅಲ್ಲಿಗೇ.

ಇದೇ ಫಾವ್ರೊ 2019ರಲ್ಲಿ ‘ಲಯನ್ ಕಿಂಗ್’ ಮಾಡಿದರು. ಆರಂಭದ ಸೂರ್ಯೋದಯದ ಒಂದು ಷಾಟ್ ಬಿಟ್ಟರೆ ಎಲ್ಲವೂ ಕಂಪ್ಯೂಟರಿನದು, ತಂತ್ರ ಇನ್ನೂ ಮುಂದುವರಿದದ್ದು. ಆದರೂ ನನಗೆ ಅದು ಮನಸ್ಸಿಗೆ ಹತ್ತಲಿಲ್ಲ. ಹಳೆಯ ಚಿತ್ರದ ದೃಶ್ಯಗಳನ್ನು ಬಹುಪಾಲು ಹಾಗೆ ಹಾಗೇ ಇಟ್ಟರು. ಆದರೆ ಆ ದೃಶ್ಯಗಳನ್ನು ಹೊತ್ತದ್ದು ಗೆರೆಯ ಸಿಂಹಗಳ ಹುಬ್ಬು, ತುಟಿ, ಅಳು. ನಿಜದ ಸಿಂಹದ ಮುಖಕ್ಕೆ ಅದು ಬಾರದು, ಅದರ ಬದಲಿಗೆ ಇನ್ನೊಂದನ್ನು ಹುಡುಕಲೂ ಇಲ್ಲ. ಫಾವ್ರೊ ಅವರ ಎರಡೂ ಚಿತ್ರಗಳನ್ನು ಒಂದೇ ವಾರದಲ್ಲಿ ನೋಡಿದರೆ ಮೇಲೆ ಹೇಳಿದ ಪ್ರಶ್ನೆಯ ಬೆಲೆ ತಿಳಿಯುತ್ತದೆ.

ಕಾರ್ಟೂನಿಗೂ ಮೊದಲೇ ಮೈಯುಳ್ಳ ಮೌಗ್ಲಿಯೊಬ್ಬ ಇದ್ದ, ಅವನು ನಮ್ಮೂರಿನವನು. ಮೈಸೂರು ಸಂಸ್ಥಾನದ, ಕಬಿನಿ ಸೀಮೆಯ ಕಾರಾಪುರದಲ್ಲಿ 1924ರಲ್ಲಿ ಹುಟ್ಟಿದ ಸಾಬು, ಮಾವುತನ ಮಗ. ಕಿಪ್ಲಿಂಗ್‌ನ ಇನ್ನೊಂದು ಕಥೆಯನ್ನು ಆಧರಿಸಿದ ‘ಎಲಿಫೆಂಟ್ ಬಾಯ್’ ಚಿತ್ರಕ್ಕೆ ಹುಡುಗನನ್ನು ಹುಡುಕುತ್ತ ಮೈಸೂರಿಗೆ ಬಂದ ರಾಬರ್ಟ್ ಫ್ಲಾಹರ್ಟಿಯ ತಂಡ ಅವನನ್ನು ಆರಿಸಿತು. ಆ ಚಿತ್ರ 1937ರಲ್ಲಿ ಬಂತು. 1942ರಲ್ಲಿ ಜೋಲ್ಟಾನ್ ಕೊರ್ಡಾ ನಿರ್ದೇಶನದ ‘ಜಂಗಲ್ ಬುಕ್’ನಲ್ಲಿ ಸಾಬುವೇ ಮೌಗ್ಲಿ. ಆ ಚಿತ್ರದ ಪ್ರಾಣಿಗಳಲ್ಲಿ ಹೆಚ್ಚಿನವು ಜೀವಂತ, ಹಾವು ಮಾತ್ರ ರಬ್ಬರಿನದು. ಆನೆಯ ಪಕ್ಕದಲ್ಲಿ ಸಾಬು ನಿಲ್ಲುವ ರೀತಿಯನ್ನು ನೋಡಿ. ಆನೆಯ ಜೊತೆ ಬೆಳೆದವನಿಗೆ ಮಾತ್ರ ಬರುವ ನಿರಾಳ ಅದು. ಯಾವ ಕಂಪ್ಯೂಟರೂ ಅದನ್ನು ಕೊಡಲಾರದು. 1963ರಲ್ಲಿ, ಮೂವತ್ತೊಂಬತ್ತನೇ ವಯಸ್ಸಿನಲ್ಲಿ ಅವರು ಅಮೆರಿಕದಲ್ಲಿ ತೀರಿಕೊಂಡರು. ಈ ಪಟ್ಟಿಗೆ ಅವರ ಚಿತ್ರವನ್ನು ಸೇರಿಸಿಕೊಳ್ಳದ ಕನ್ನಡದ ರಸಿಕರು ದೊಡ್ಡದೊಂದನ್ನು ಕಳೆದುಕೊಳ್ಳುತ್ತಾರೆ.

ದನಿಯ ಬಗ್ಗೆಯೂ ಒಂದು ಮಾತು. ಭಾರತದಲ್ಲಿ ಫಾವ್ರೊ ಅವರ ಚಿತ್ರ 2016ರ ಏಪ್ರಿಲ್ 8ರಂದು, ಅಮೆರಿಕಕ್ಕಿಂತ ಒಂದು ವಾರ ಮೊದಲೇ ತೆರೆಕಂಡಿತು. ಹಿಂದಿ ಅವತರಣಿಕೆಯಲ್ಲಿ ಬಲ್ಲೂಗೆ ಇರ್ಫಾನ್ ಖಾನ್, ಬಘೀರನಿಗೆ ಓಂ ಪುರಿ. ಶೇರ್ ಖಾನ್‌ಗೆ ನಾನಾ ಪಾಟೇಕರ್, ದೂರದರ್ಶನದ ಸರಣಿಯಲ್ಲಿ ಅದೇ ಹುಲಿಗೆ ದನಿ ಕೊಟ್ಟವರು. ಇಂಗ್ಲಿಷಿನಲ್ಲಿ ಇದ್ರಿಸ್ ಎಲ್ಬಾನ ಹುಲಿ ತಣ್ಣಗೆ ಹೆದರಿಸಿದರೆ ನಾನಾನ ಹುಲಿ ಸಿಡುಕುತ್ತ ಹೆದರಿಸುತ್ತದೆ. ಎರಡನ್ನೂ ಕೇಳಿ. ಇರ್ಫಾನ್‌ನ ಬಲ್ಲೂ ಅಂತೂ ಮೂಲಕ್ಕಿಂತ ಹೆಚ್ಚು ಆಪ್ತ ಎಂದು ನಾನು ಹಿಂಜರಿಯದೆ ಹೇಳುತ್ತೇನೆ. ತಮಿಳು, ತೆಲುಗಿನಲ್ಲೂ ಬಂದ ಚಿತ್ರಕ್ಕೆ ಕನ್ನಡದ ದನಿ ಸಿಗಲಿಲ್ಲ. ಡಬ್ಬಿಂಗ್‌ಗೆ ಆಗ ನಮ್ಮ ಚಿತ್ರರಂಗದೊಳಗೆ ಬಲವಾದ ವಿರೋಧವಿತ್ತು. ಸಾಬು ಹುಟ್ಟಿದ ನಾಡಿನ ಮಕ್ಕಳು ಮೌಗ್ಲಿಯನ್ನು ಬೇರೆ ಭಾಷೆಯಲ್ಲಿ ಕೇಳಬೇಕಾಯಿತು ಎಂಬ ಬೇಸರ ನನಗೆ ಇಂದಿಗೂ ಇದೆ.

ಅಂತ್ಯದ ಬಗ್ಗೆ ಅಭಿಮಾನಿಗಳಲ್ಲಿ ಒಮ್ಮತವಿಲ್ಲ. ಪುಸ್ತಕದ ಮೌಗ್ಲಿ ಎಮ್ಮೆಗಳ ಹಿಂಡನ್ನು ನುಗ್ಗಿಸಿ ಹುಲಿಯನ್ನು ಕೊಲ್ಲುತ್ತಾನೆ, ಚರ್ಮ ಸುಲಿಯುತ್ತಾನೆ. ಕಾರ್ಟೂನಿನಲ್ಲಿ ಹುಲಿಯ ಬಾಲಕ್ಕೆ ಉರಿಯುವ ಕೊಂಬೆ ಕಟ್ಟಿ ಓಡಿಸುತ್ತಾನೆ. ಕೊನೆಗೆ ನೀರಿಗೆ ಬಂದ ಹುಡುಗಿಯ ಹಿಂದೆ ಊರು ಸೇರುತ್ತಾನೆ. 2016ರವನು ಕೈಯಲ್ಲಿದ್ದ ಬೆಂಕಿಯನ್ನು ನೀರಿಗೆಸೆದು, ತನ್ನ ಹಗ್ಗ, ತನ್ನ ಉಪಾಯದಿಂದಲೇ ಗೆದ್ದು ಕಾಡಿನಲ್ಲೇ ಉಳಿಯುತ್ತಾನೆ. ಊರು ಸೇರುವ ಅಂತ್ಯದ ಸಣ್ಣ ನೋವು ಇಲ್ಲಿಲ್ಲ ಎನ್ನುವುದು ನಿಜ. ಆದರೆ ಮನುಷ್ಯನ ಉಪಾಯಗಳನ್ನು ಬಿಡು ಎಂದು ಮೊದಲಿನಿಂದ ಬೈಸಿಕೊಂಡ ಹುಡುಗ ಅದೇ ಉಪಾಯದಿಂದ ಮರಿಯಾನೆಯನ್ನು ಉಳಿಸಿದ ಮೇಲೆ, ಅವನನ್ನು ಕಾಡು ಬಿಡಿಸುವುದು ಅನ್ಯಾಯವಾಗುತ್ತಿತ್ತು. ನನ್ನ ಓಟು ಹೊಸ ಅಂತ್ಯಕ್ಕೆ.

ಚಿತ್ರ ಮುಗಿದ ತಕ್ಷಣ ಎದ್ದು ಹೋಗಬೇಡಿ. ಇದಕ್ಕೆ ಬಂದ ದೃಶ್ಯ ಪರಿಣಾಮಗಳ ಆಸ್ಕರ್ ಪ್ರಶಸ್ತಿಯ ಹಿಂದೆ ಎಂಪಿಸಿ ಸಂಸ್ಥೆಯ ಬೆಂಗಳೂರು ಸ್ಟುಡಿಯೊದ ಕಲಾವಿದರ ದುಡಿಮೆಯೂ ಇದೆ. ಮಾತೃಸಂಸ್ಥೆ ಟೆಕ್ನಿಕಲರ್ 2025ರ ಫೆಬ್ರುವರಿಯಲ್ಲಿ ಕುಸಿದಾಗ ಆ ಸ್ಟುಡಿಯೊ ಬಾಗಿಲು ಮುಚ್ಚಿತು. ಕೊನೆಯ ಪಟ್ಟಿ ಪೂರ್ತಿ ಓಡಲಿ, ಅವರ ಹೆಸರುಗಳನ್ನು ಓದಿ. ಒಟಿಟಿಯಲ್ಲಿ ನೋಡುವವರು ಮುಂದಿನ ಚಿತ್ರಕ್ಕೆ ಜಿಗಿಸುವ ಗುಂಡಿಯನ್ನು ಒತ್ತದೆ ಅಷ್ಟು ನಿಮಿಷ ಕಾಯಿರಿ.