ಎರೆ ಹೊಲದಾಗ ಬಿಳಿ ಬಟ್ಟೆ

ಮೆಕ್ಸಿಕೋದಲ್ಲಿ ನಡೆಯುವ ಹಳೇ ಸಿನಿಮಾಗಳೆಂದರೆ ನನಗೆ ಭಾಳ ಪ್ರೀತಿ. ಆ ಬಿಸಿಲು, ಆ ಧೂಳು, ಗೋಡೆಯ ನೆರಳು ಹುಡುಕಿ ಕೂತ ಮುದುಕರು, ಇವೆಲ್ಲ ಆಳಂದ, ಅಫಜಲಪುರ, ಜೇವರ್ಗಿ ಕಡೆಯ ಮೇ ತಿಂಗಳು ಕಂಡವರಿಗೆ ಹೊಸದೇನಲ್ಲ. ಆದರೆ ಈ ಸಿನಿಮಾಗಳನ್ನು ನಾನು ಒಂದೇ ಪ್ರಶ್ನೆ ಇಟ್ಟುಕೊಂಡು ನೋಡ್ತೀನಿ: ಹೊರಗಿನವರ ಕ್ಯಾಮೆರಾ ಬಂದಾಗ ಊರಿನ ಮಂದಿ ಮನುಷ್ಯರಾಗಿ ಉಳೀತಾರೋ, ಹಿಂದಿನ ಪರದೆಯಾಗ್ತಾರೋ?

ಮೊದಲು 'ದಿ ಮ್ಯಾಗ್ನಿಫಿಸೆಂಟ್ ಸೆವೆನ್' (1960). ಕುರೊಸಾವಾನ 'ಸೆವೆನ್ ಸಮುರಾಯ್' ಕಥೆಯನ್ನು ಜಾನ್ ಸ್ಟರ್ಜಸ್ ಮೆಕ್ಸಿಕೋದ ಹಳ್ಳಿಗೆ ತಂದ. ರಾಮನಗರದ ಬಂಡೆಗಳ ನಡುವೆ ತೆಗೆದ 'ಶೋಲೆ'ಯೂ ಇದೇ ವಂಶದ್ದು. ಇಲ್ಲಿನ ರೈತರ ಬಟ್ಟೆ ಗಮನಿಸಿ. ಹೊಲದಲ್ಲಿ ದುಡಿದರೂ, ಡಕಾಯಿತರ ಜೊತೆ ಬಡಿದಾಡಿದರೂ ಅಚ್ಚ ಬಿಳಿ! ಹಿಂದೆ 'ವೇರಾ ಕ್ರೂಜ್' (1954) ತಮ್ಮ ಜನರನ್ನು ಕೀಳಾಗಿ ತೋರಿಸಿತೆಂದು ಸಿಟ್ಟಾಗಿದ್ದ ಮೆಕ್ಸಿಕೋ, ಈ ಸಲ ಶೂಟಿಂಗ್ ಜಾಗಕ್ಕೇ ಸೆನ್ಸಾರಿನವರನ್ನು ಕಳಿಸಿತ್ತು. ರೈತರ ಬಟ್ಟೆ ಕೊಳೆಯಾಗಬಾರದು ಅನ್ನೋದು ಅವರ ಹಟ. ಸಿಟ್ಟು ಖರೇ, ಪರಿಹಾರ ಸುಳ್ಳು. ನಮ್ಮಲ್ಲಿ ಹೊಲಕ್ಕೆ ಉಡುವ ಧೋತರ ಬೇರೆ, ಜಾತ್ರೆಗೆ ಉಡುವ ಧೋತರ ಬೇರೆ. ಎರೆ ಮಣ್ಣಿನ ಕಲೆ ಅವಮಾನವಲ್ಲ, ಕೆಲಸದ ಗುರುತು.

ಮರ್ಯಾದೆ ಎಲ್ಲಿದೆ ಅಂತ ಅದೇ ಸಿನಿಮಾದ ಒಂದು ದೃಶ್ಯ ಹೇಳುತ್ತೆ. ನಮ್ಮಪ್ಪಂದಿರು ಹೇಡಿಗಳು ಅಂದ ಹುಡುಗನಿಗೆ ಚಾರ್ಲ್ಸ್ ಬ್ರಾನ್ಸನ್ ಏಟು ಕೊಟ್ಟು, ಹೆಂಡತಿ ಮಕ್ಕಳ ಭಾರ ಹೊತ್ತು ದಿನಾ ಭೂಮಿಗೆ ಇಳಿಯೋ ಧೈರ್ಯ ತನಗೆಂದೂ ಇರಲಿಲ್ಲ ಅಂತಾನೆ. ನೆಟೆರೋಗಕ್ಕೆ ತೊಗರಿ ಒಣಗಿದ ಮರುವರ್ಷ ಅದೇ ಹೊಲಕ್ಕೆ ಮತ್ತೆ ಬೀಜ ಹಾಕುವವರ ನಡುವೆ ಬೆಳೆದವನಿಗೆ, ಏಳು ಹೀರೋಗಳ ಗುಂಡಿನ ಸದ್ದಿಗಿಂತ ಈ ಮಾತೇ ಜೋರಾಗಿ ಕೇಳುತ್ತೆ.

ಆರ್ಸನ್ ವೆಲ್ಸ್‌ನ 'ಟಚ್ ಆಫ್ ಈವಿಲ್' (1958) ಗಡಿ ಊರಿನ ಕಥೆ. ಮೊದಲ ಮೂರು ನಿಮಿಷ ಒಂದೂ ಕಟ್ ಇಲ್ಲದೆ ಕ್ಯಾಮೆರಾ ಗಡಿ ದಾಟುತ್ತೆ. ಅಫಜಲಪುರದ ಕಡೆಯಿಂದ ಅಕ್ಕಲಕೋಟೆಗೆ ಬಸ್ಸಿನಲ್ಲಿ ಹೋದವರಿಗೆ ಇದು ಗೊತ್ತು. ನೆಲ ಅದೇ, ಬೆಳೆ ಅದೇ, ಬೋರ್ಡಿನ ಲಿಪಿ ಮಾತ್ರ ಬೇರೆ. ಆದರೆ ಆ ಊರು ಕ್ಯಾಲಿಫೋರ್ನಿಯಾದ ವೆನಿಸ್‌ನಲ್ಲಿ ತೆಗೆದದ್ದು. ಅದರ ಮೆಕ್ಸಿಕನ್ ಅಧಿಕಾರಿ, ಮುಖಕ್ಕೆ ಕಂದು ಬಣ್ಣ ಬಳಿದುಕೊಂಡ ಚಾರ್ಲ್ಟನ್ ಹೆಸ್ಟನ್.

ಗಾಂಧಿನಗರ ಆ ಬಣ್ಣವನ್ನು ನಾಲಿಗೆಗೆ ಬಳಿಯುತ್ತೆ. ಅಲ್ಲಿ ನಮ್ಮ ಮಾತು ಬರೋದೇ ಹೆಚ್ಚಾಗಿ ನಗಿಸಲಿಕ್ಕೆ. ಹುಬ್ಬಳ್ಳಿ ಕಡೆಯ 'ಐತಿ', ಕಲಬುರಗಿ ಕಡೆಯ 'ಅದ' ಎರಡೂ ಒಂದೇ ಡಬ್ಬಿಗೆ. ಆಫೀಸ್ ಕ್ಯಾಂಟೀನಿನಲ್ಲಿ "ಸ್ವಲ್ಪ ನಿಮ್ ಭಾಷೇಲಿ ಮಾತಾಡಿ ಗುರು" ಅನ್ನುವವರು ಅದನ್ನು ಕಲಿತದ್ದು ಅಲ್ಲಿಂದಲೇ. ಅಪವಾದಗಳಿವೆ. ನಾಗಾಭರಣರ 'ನಾಗಮಂಡಲ'ಕ್ಕೆ (1997) ಗೋಪಾಲ ವಾಜಪೇಯಿ ಬರೆದ ಸಂಭಾಷಣೆಯಲ್ಲಿ ಉತ್ತರ ಕರ್ನಾಟಕದ ಮಾತೇ ಪ್ರೀತಿಸುತ್ತೆ, ಸಂಶಯ ಪಡುತ್ತೆ, ನರಳುತ್ತೆ. ಎಂ.ಎಸ್. ಸತ್ಯು ಅವರ 'ಬರ' (1982) ಒಣಭೂಮಿಯನ್ನು ಅದರ ರಾಜಕೀಯದ ಸಮೇತ ತೋರಿಸಿತು. ದೊಡ್ಡ ಸಿನಿಮಾನೇ. ಆದರೂ ಅದರ ಕಣ್ಣು ಅನಂತ್‌ನಾಗ್ ಮಾಡಿದ ಜಿಲ್ಲಾಧಿಕಾರಿಯದು, ಕೊಡ ಹಿಡಿದು ನೀರಿಗೆ ಕಾಯುವವರದಲ್ಲ.

ಹಂಗಂತ ಊರಿನ ಕಥೆ ಊರಿನವರೇ ತೆಗೀಬೇಕು ಅಂತ ನಾನು ಹೇಳಲ್ಲ. 'ಲೋಸ್ ಒಲ್ವಿದಾದೋಸ್' (1950) ತೆಗೆದ ಲೂಯಿಸ್ ಬುನ್ಯುಯೆಲ್ ಸ್ಪೇನಿನಿಂದ ಬಂದವನು. ಮೆಕ್ಸಿಕೋ ನಗರದ ಕೊಳೆಗೇರಿಯ ಹುಡುಗರಿಗೆ ಅವನು ಬಿಳಿ ಬಟ್ಟೆಯನ್ನೂ ಹಾಕಲಿಲ್ಲ, ಪಾಪ ಅಂತ ಕನಿಕರವನ್ನೂ ಸುರಿಯಲಿಲ್ಲ. ದೇಶದ ಮಾನ ಹೋಯಿತೆಂದು ಗದ್ದಲವೆದ್ದು ಕೆಲವೇ ದಿನಗಳಲ್ಲಿ ಚಿತ್ರ ಥಿಯೇಟರಿನಿಂದ ಹೋಯಿತು. 1951ರಲ್ಲಿ ಕಾನ್ ಉತ್ಸವದ ಅತ್ಯುತ್ತಮ ನಿರ್ದೇಶಕ ಪ್ರಶಸ್ತಿ ಬಂದ ಮೇಲೆ ಮರಳಿ ಬಂತು.

ಇಷ್ಟರಲ್ಲೂ ನನ್ನ ಮೊದಲ ಆಯ್ಕೆ ಜಾನ್ ಹ್ಯೂಸ್ಟನ್‌ನ 'ದಿ ಟ್ರೆಷರ್ ಆಫ್ ದಿ ಸಿಯೆರಾ ಮಾದ್ರೆ' (1948). ಮೂವರು ಅಮೆರಿಕನ್ನರು ಬಂಗಾರಕ್ಕೆ ಗುಡ್ಡ ಅಗೀತಾರೆ. ಕೊನೆಗೆ ಡಕಾಯಿತರು ಆ ಬಂಗಾರದ ಪುಡಿಯನ್ನು ಬರೀ ಮರಳು ಅಂದುಕೊಂಡು ಚೆಲ್ಲುತ್ತಾರೆ, ಗಾಳಿ ಅದನ್ನು ಗುಡ್ಡಕ್ಕೇ ವಾಪಸ್ ಒಯ್ಯುತ್ತೆ. ಮೂವರಲ್ಲಿ ಸ್ಪ್ಯಾನಿಷ್ ಸಲೀಸಾಗಿ ಬರೋದು ಮುದುಕ ಹೊವರ್ಡ್‌ಗೆ. ಹಳ್ಳಿಯವರು ಕರೆದಾಗ ಹೋಗಿ, ನೀರಲ್ಲಿ ಮುಳುಗಿದ ಅವರ ಹುಡುಗನನ್ನು ಬದುಕಿಸೋದೂ ಅವನೇ. ಬಂಗಾರದ ಹುಚ್ಚು ಹಿಡಿದವನು ಸಾಯ್ತಾನೆ, ಇನ್ನೊಬ್ಬ ಹೊರಟು ಹೋಗ್ತಾನೆ, ಹೊವರ್ಡ್‌ಗೆ ಮಾತ್ರ ಆ ಊರಿನಲ್ಲಿ ಜಾಗ ಸಿಗುತ್ತೆ. ಹಳ್ಳಿಯವರ ಸ್ಪ್ಯಾನಿಷ್ ಮಾತನ್ನು ಹ್ಯೂಸ್ಟನ್ ಬಹುಪಾಲು ಅನುವಾದಿಸದೇ ಬಿಟ್ಟಿದ್ದಾನೆ. ಅರ್ಥ ಆಗದಿದ್ದರೆ ಅದು ನೋಡುವವನ ಕೊರತೆ, ಆಡುವವನದಲ್ಲ.

ಈ ವೀಕೆಂಡ್ ಒಂದೇ ಸಿನಿಮಾ ನೋಡ್ತೀರಂದ್ರ ಇದನ್ನೇ ನೋಡ್ರಿ. ಆ ಸ್ಪ್ಯಾನಿಷ್ ಮಾತು ಬಂದಾಗ ಮುಂದಕ್ಕ ಓಡಿಸಬ್ಯಾಡ್ರಿ.