ಡೇ ಅವರ ಗ್ರಂಥದಲ್ಲಿ ಆಡುಮೀನುಗಳು

ಗದ್ದದ ಕೆಳಗೆ ಎರಡು ಉದ್ದನೆಯ ಮೀಸೆಗಳಿರುವ ಸಮುದ್ರ ಮೀನನ್ನು ನೀವು ಕರಾವಳಿಯ ಮಾರುಕಟ್ಟೆಯಲ್ಲಿ ನೋಡಿರಬಹುದು. ಆಡಿನ ಗಡ್ಡವನ್ನು ನೆನಪಿಸುವುದರಿಂದ ಇದಕ್ಕೆ ಇಂಗ್ಲಿಷಿನಲ್ಲಿ ‘ಗೋಟ್‌ಫಿಶ್’, ಅಂದರೆ ಆಡುಮೀನು ಎಂದು ಹೆಸರು. ಮುಲ್ಲಿಡೇ ಕುಟುಂಬದ ಈ ಮೀನುಗಳಲ್ಲಿ ಹೆಚ್ಚಿನವು ಉಷ್ಣವಲಯದ ಕಡಲಿನ ತಳದಲ್ಲಿ ಆಹಾರ ಹುಡುಕುತ್ತವೆ. ಭಾರತದ ಮೀನುಗಳ ಅಭ್ಯಾಸಿಗಳು ಇಂದಿಗೂ ಆಶ್ರಯಿಸುವ ಗ್ರಂಥ ಫ್ರಾನ್ಸಿಸ್ ಡೇ ಅವರ ‘ದಿ ಫಿಶಸ್ ಆಫ್ ಇಂಡಿಯಾ’ (1875–78). ಈ ಕುಟುಂಬದ ಮಟ್ಟಿಗೆ ಅದನ್ನು ಎಷ್ಟು ನಂಬಬಹುದು?

ಗ್ರಂಥದ ಹಿರಿಮೆ ಸ್ಪಷ್ಟವಾಗಿದೆ. ಮದ್ರಾಸಿನಲ್ಲಿ ಸೇನಾ ವೈದ್ಯರಾಗಿದ್ದ ಡೇ ಈಜುರೆಕ್ಕೆಯ ಮುಳ್ಳು, ಹುರುಪೆಗಳನ್ನು ಎಣಿಸಿ, ಹಲ್ಲುಗಳ ಜೋಡಣೆಯನ್ನು ವಿವರಿಸಿ ಚಿತ್ರಗಳನ್ನೂ ಕೊಟ್ಟಿದ್ದಾರೆ. ಕೈಯಲ್ಲಿರುವ ಮೀನನ್ನು ಅವುಗಳೊಂದಿಗೆ ಹೋಲಿಸಿ ನೋಡಬಹುದು.

ತೊಡಕು ಹೆಸರುಗಳಲ್ಲಿದೆ. ಡೇ ಅವರ ‘ಉಪೇನಿಯಸ್ ಇಂಡಿಕಸ್’ ಇಂದು ‘ಪಾರುಪೇನಿಯಸ್ ಇಂಡಿಕಸ್’. ಅವರ ‘ಉಪೇನಿಯಾಯ್ಡಿಸ್ ವಿಟ್ಟೇಟಸ್’ ಇಂದು ‘ಉಪೇನಿಯಸ್ ವಿಟ್ಟೇಟಸ್’. ಅಂದರೆ ‘ಉಪೇನಿಯಸ್’ ಎಂಬ ಒಂದೇ ಹೆಸರು ಅಂದು ಒಂದು ಜಾತಿಗುಂಪಿಗೆ, ಇಂದು ಇನ್ನೊಂದಕ್ಕೆ ಸಲ್ಲುತ್ತದೆ. ಹಳೆಯ ದಾಖಲೆಯನ್ನೂ ಹೊಸದನ್ನೂ ಹೆಸರು ನೋಡಿಯೇ ಜೋಡಿಸಿದರೆ, ಒಂದು ಮೀನು ಕಡಿಮೆಯಾಯಿತೆಂದೋ ಹೊಸದು ಬಂತೆಂದೋ ತಪ್ಪು ತೀರ್ಮಾನಕ್ಕೆ ಬರುತ್ತೇವೆ.

ಎರಡನೆಯ ಕೊರತೆ ಮೀಸೆಯದು. ಡೇ ಅವರಿಗೆ ಅದು ಮುಖ್ಯವಾಗಿ ಗುರುತಿನ ಲಕ್ಷಣ. ವಾಸ್ತವವಾಗಿ ಅದು ರುಚಿಮೊಗ್ಗುಗಳಿರುವ ಇಂದ್ರಿಯ. ಮೀನು ಅದನ್ನು ಮರಳಿನಲ್ಲಿ ಆಡಿಸಿ ಹುಳು, ಸಿಗಡಿ, ಪುಟ್ಟ ಏಡಿಗಳನ್ನು ಪತ್ತೆಹಚ್ಚುತ್ತದೆ. ಕೆಲಸ ಮುಗಿದ ಮೇಲೆ ಗದ್ದದಡಿಗೆ ಮಡಚಿಕೊಳ್ಳುತ್ತದೆ. ಕೆದಕಿದಾಗ ಹೊರಬರುವ ಜೀವಿಗಳಿಗಾಗಿ ಬೇರೆ ಮೀನುಗಳು ಅದರ ಹಿಂದೆಯೇ ಸುತ್ತುತ್ತವೆ. ಎಲ್ಲ ಆಡುಮೀನುಗಳೂ ತಳ ಕೆದಕಿಯೇ ತೃಪ್ತಿಪಡುವುದಿಲ್ಲ. ಕೆಂಪು ಸಮುದ್ರದ ‘ಪಾರುಪೇನಿಯಸ್ ಸೈಕ್ಲೋಸ್ಟೋಮಸ್’ ಗುಂಪಾಗಿ ಬೇಟೆಯಾಡುವುದನ್ನು 2011ರಲ್ಲಿ ಪ್ರಕಟವಾದ ಅಧ್ಯಯನ ವಿವರಿಸಿತು: ಒಂದು ಬೆನ್ನಟ್ಟಿದರೆ, ಉಳಿದವು ಹವಳದ ಸಂದುಗಳಲ್ಲಿ ಬೇಟೆಯ ದಾರಿ ಕಟ್ಟುತ್ತವೆ.

ಮುಳುಗಿ ನೋಡುವ ಸೌಲಭ್ಯವಿಲ್ಲದ ಕಾಲದ ಡೇ ಅವರನ್ನು ಇದಕ್ಕಾಗಿ ದೂರಲಾಗದು. ಆ ಮಿತಿಯನ್ನು ಮರೆತು ಓದಿದರೆ ತಪ್ಪು ನಮ್ಮದು. ಗ್ರಂಥವನ್ನು ಚಿತ್ರ ಮತ್ತು ಅಳತೆಗಳಿಗಾಗಿ ಅಗತ್ಯವಾಗಿ ಬಳಸಿ. ಹೆಸರು ಬರೆಯುವ ಮುನ್ನ ಇಂದಿನ ವರ್ಗೀಕರಣವನ್ನು ನೋಡಿ. ಮೀನಿನ ಬದುಕನ್ನು ತಿಳಿಯಲು ಮಾತ್ರ ನೀರಿನೊಳಗೆ ನಡೆದ ಅಧ್ಯಯನಗಳತ್ತ ಹೊರಳಿ.